ರಾಂಗ್ ನಂಬರ್ ಅನ್ನಲಿಲ್ಲ

ರತ್ನಮ್ಮ ಟೀಚರ್ ಅವರ ತಾಯಿಯ ಜೊತೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಫೋನಿನಲ್ಲಿ ಮಗಳಾಗಿ ಮಾತಾಡಿದೆ. ಅದು ಆ ತಾಯಿಗೆ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೊಬ್ಬಳಿಗೆ. ಸಾಯುವ ಮುಂಚೆ ಮಗಳನ್ನು ಒಮ್ಮೆ ನೋಡಬೇಕೆಂದು ಆಕೆ ಕೇಳಿದಳು. ಬರುತ್ತೇನೆಂದು ನಾನು ಮಾತು ಕೊಟ್ಟೆ. ಯಾರೂ ಹೋಗಲಿಲ್ಲ.

ಇದನ್ನು ಮೆತ್ತಗೆ ಹೇಳುವ ದಾರಿಗಳನ್ನು ಇಷ್ಟು ವರ್ಷ ಹುಡುಕಿದ್ದೇನೆ — ಅರಿಯದೆ ಆಯಿತು, ಬಾಯಿತಪ್ಪಿ ಆಯಿತು, ಮುದುಕಿಯ ಮನಸ್ಸು ನೋಯಿಸಲಾರದೆ ಆಯಿತು... ಮೊದಲ ದಿನದ ಮಟ್ಟಿಗೆ ಅದು ನಿಜವೂ ಇರಬಹುದು. ಆಮೇಲಿನ ದಿನಗಳಿಗೆ ಈ ಮಾತು ಯಾವುದೂ ಸಲ್ಲುವುದಿಲ್ಲ.

ನನ್ನ ಹೆಸರು ಸುಮಿತ್ರ. ಬಾಣಾವರದಲ್ಲಿ ಸೋದರತ್ತೆಯ ಮನೆಯಲ್ಲಿ ಬೆಳೆದವಳು; ಅರಸೀಕೆರೆಯ ಕೊಬ್ಬರಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದವಳು. ನಾನು ಮಾತು ಕಲಿಯುವ ಮೊದಲೇ ತಾಯಿ ತೀರಿಕೊಂಡಿದ್ದಳು. ಮನೆಯಲ್ಲಿ ಅವಳದೊಂದು ಫೋಟೊ ಕೂಡ ಇರಲಿಲ್ಲ. ಸೋದರತ್ತೆ ಊಟ ಬಟ್ಟೆಗೆ ಕಡಿಮೆ ಮಾಡಿದವರಲ್ಲ. ಆದರೆ ಅವ್ವ ಎಂಬ ಮಾತನ್ನು ಒಬ್ಬರನ್ನು ನೋಡಿ, ಅವರಿಗೆಂದೇ, ನಾನು ಎಂದೂ ಅಂದದ್ದಿರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ ಎಂದು ಬರೆಯಹೊರಟೆ. ನೆಪವಾಗಿಯೇ ಹೇಳುತ್ತಿರಬೇಕು.

ಮಾವನವರು ಮನೆಗೆ ಫೋನು ಬೇಕೆಂದು ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಅದು ಬರುವ ಮೊದಲೇ ತೀರಿಕೊಂಡರು. ಆಗಿನ್ನೂ ಹಳೆಯ ಎಕ್ಸ್‌ಚೇಂಜು. ನಮ್ಮ ಪಕ್ಕದ ಮಂಡಿಯಲ್ಲಿ ಕಪ್ಪು ಫೋನೊಂದಿತ್ತು. ಅದರಲ್ಲಿ ತಿಪಟೂರಿನ ಕೊಬ್ಬರಿ ದರ ಕೇಳಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಲೈನು ಸಿಕ್ಕ ಮೇಲೆ ಇಡೀ ಬೀದಿಗೆ ಕೇಳುವಂತೆ ಕೂಗಬೇಕಿತ್ತು. ನಡುವೆ ಇನ್ನಾರದೋ ಮದುವೆಯ ಮಾತುಕತೆ ನುಗ್ಗಿ ಬಂದು, ಎರಡು ಕಡೆಯವರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಊರಿಗೆ ಡಿಜಿಟಲ್ ಎಕ್ಸ್‌ಚೇಂಜು ಬಂತು. ಕಾದಿದ್ದವರಿಗೆಲ್ಲ ಒಟ್ಟಿಗೇ ಫೋನು ಸಿಕ್ಕಿತು. ಬೀದಿ ಬೀದಿಯಲ್ಲಿ ಕಂಬ ಹತ್ತಿದವರು, ತಂತಿ ಎಳೆಯುವವರು. ಹಳಬರ ನಂಬರುಗಳೂ ಬದಲಾದವು. ಹೆಚ್ಚಿನವರಿಗೆ ಹಳೆಯ ನಂಬರಿನ ಮುಂದೆ ಒಂದು ಅಂಕಿ ಸೇರಿಕೊಂಡಿತು, ಅಷ್ಟೆ. ರೈಲ್ವೆ ಗೇಟಿನಾಚೆಯ ಕೆಲವು ಬೀದಿಗಳಿಗೆ ಮಾತ್ರ ಪೂರ್ತಿ ಬೇರೆಯ ನಂಬರು ಬಂತು. ಅವರು ಬಿಟ್ಟುಕೊಟ್ಟ ನಂಬರುಗಳು, ಮುಂದೆ ಆ ಒಂದು ಅಂಕಿಯನ್ನು ಸೇರಿಸಿಕೊಂಡು, ನಮ್ಮಂಥ ಹೊಸಬರ ಪಾಲಿಗೆ ಬಂದವು. ಇದು ಆಗ ನನಗೆ ಗೊತ್ತಿರಲಿಲ್ಲ. ನಮ್ಮ ನಂಬರು ನಮ್ಮದೇ ಎಂದುಕೊಂಡಿದ್ದೆ.

ಗುಂಡಿ ಒತ್ತುವ, ಕೆನೆ ಬಣ್ಣದ ಫೋನು. ನನ್ನ ಯಜಮಾನರು ಅದಕ್ಕೂ ಮಂಡಿಯ ಫೋನಿಗೆ ಕೂಗಿದ ಹಾಗೆಯೇ ಕೂಗುತ್ತಿದ್ದರು. "ಮೆಲ್ಲಗೆ ಮಾತಾಡಿದ್ರೂ ಕೇಳುತ್ತೆ ಕಣ್ರೀ" ಎಂದರೆ, "ಅವರಿಗೆ ಕೇಳ್ಬೇಕಲ್ಲ" ಎನ್ನುತ್ತಿದ್ದರು. ಮೊದಲ ತಿಂಗಳು ನಮಗಿಂತ ಹೆಚ್ಚು ಬೇರೆಯವರಿಗೇ ಕರೆ ಬರುತ್ತಿತ್ತು. ಊರೆಲ್ಲ ಹಳೆಯ ನಂಬರು ನೆನಪಿಟ್ಟುಕೊಂಡು ಹೊಸ ಯಂತ್ರದಲ್ಲಿ ಹುಡುಕುತ್ತಿದ್ದ ಕಾಲ. "ರತ್ನಮ್ಮ ಟೀಚರ್ ಮನೆನಾ?" ಎಂದು ಯಾರೋ ಇಬ್ಬರು ಮೂವರು ಕೇಳಿದರು. ರಾಂಗ್ ನಂಬರ್ ಎಂದೆ. ಹಾಗೆನ್ನುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಆಮೇಲೆ ಒಂದು ಶನಿವಾರ ಮಧ್ಯಾಹ್ನ ಆ ಕರೆ ಬಂತು. ಯಜಮಾನರು ಮಂಡಿಯಲ್ಲಿದ್ದರು. ನನ್ನ ಮಗಳು ಶ್ವೇತ, ಆಗಿನ್ನೂ ಪ್ರೈಮರಿ ಶಾಲೆ, ಜಗುಲಿಯಲ್ಲಿ ಆಡುತ್ತಿದ್ದಳು. ಫೋನೆತ್ತಿದೆ. ಆ ಕಡೆ ಬಸ್ಸಿನ ಸದ್ದು, ಜನರ ಸದ್ದು. ಅದರ ನಡುವೆ ಒಂದು ಮುದಿದನಿ.

"ರತ್ನಾ?"

ಇಲ್ಲ, ಇದು ರಾಂಗ್ ನಂಬರು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ —

"ನಾನು ಕಣೇ, ಅವ್ವ. ಇಡಬ್ಯಾಡ ಕಣೇ. ಫೋನ್ ಇಡಬ್ಯಾಡ."

ಯಾರಾದರೂ ನನ್ನನ್ನು ಅಷ್ಟು ಬೇಡಿಕೊಂಡಿದ್ದರೇ? "ಇದು ರತ್ನಮ್ಮನೋರ ಮನೆ ಅಲ್ಲ" ಎಂದೆ — ಎಂದೇ ನೆನಪು. ಮೆಲ್ಲಗೆ ಎಂದಿರಬೇಕು. ಆಕೆಗೆ ಕಿವಿ ಮಂದವಿತ್ತು, ಕೇಳಲಿಲ್ಲ. "ಏನಂದೆ? ಸಿಟ್ಟು ಇನ್ನೂ ಹೋಗ್ಲಿಲ್ವೇನೆ? ಒಂದು ಮಾತಾಡೇ. ಅವ್ವ ಅನ್ನೇ ಒಂದ್ಸಲ."

ನಾನು ಅಂದೆ.

ಅದನ್ನು ಹೇಗೆ ಅಂದೆ, ಯಾಕೆ ಅಂದೆ — ಅಂದ ಮೇಲೆ ಆ ಕಡೆ ಆಕೆ ಅತ್ತದ್ದು ಮಾತ್ರ ಗೊತ್ತು. ಅತ್ತು ಮುಗಿಸಿ ಆಕೆ ಅಂದಳು, "ನಿನ್ನ ದನಿ ಬ್ಯಾರೆ ಥರ ಕೇಳ್ತೈತೆ ಕಣೇ. ಬೂತಿನೋನು ಅಂದ, ಹೊಸ ಮಿಷನ್ನು ಬಂದೈತೆ, ಈಗ ಎಲ್ರ ದನೀನೂ ಹಂಗೇ ಕೇಳೋದು ಅಂತ. ಹೌದೇನೇ?"

"ಹೂಂ ಅವ್ವ," ಎಂದೆ. "ಹೊಸ ಮಿಷನ್ನು."

ಅದು ಎರಡನೆಯ ಸುಳ್ಳು. ಮೊದಲನೆಯದು ಬಾಯಿತಪ್ಪಿ ಬಂದಿತ್ತೆಂದೇ ಇಟ್ಟುಕೊಳ್ಳೋಣ. ಎರಡನೆಯದನ್ನು ಯೋಚಿಸಿ ಆಡಿದೆ.

ಆಕೆ ಹಳೇಬೀಡಿನ ಹತ್ತಿರದ ಹುಲಿಕೆರೆಯವಳು. ಮಗನ ಮನೆಯಲ್ಲಿದ್ದಳು. ಮಂಡಿನೋವಿನ ಮಾತ್ರೆಗೆಂದು ಶನಿವಾರ ಶನಿವಾರ ಹಳೇಬೀಡಿಗೆ ಬರುತ್ತಿದ್ದಳು. ಅದೇ ನೆಪದಲ್ಲಿ ಬಸ್ ನಿಲ್ಲುವ ಕಡೆಯ ಎಸ್‌ಟಿಡಿ ಬೂತಿನಿಂದ ಫೋನು. ಶನಿವಾರವೇ ಏಕೆಂದರೆ ಮಗಳ ಶಾಲೆ ಅಂದು ಬೇಗ ಬಿಡುತ್ತಿತ್ತು. ಮಗಳು ಬರೆದು ಯಾರದೋ ಕೈಯಲ್ಲಿ ಕಳಿಸಿದ್ದ ಹಳೆಯ ನಂಬರು ಆಕೆಯ ಸೆರಗಿನ ಗಂಟಿನಲ್ಲಿತ್ತು. ಬೂತಿನವನು ಎಲ್ಲರ ನಂಬರಿಗೂ ಸೇರಿಸಿದ ಹಾಗೆ ಅದಕ್ಕೂ ಮುಂದೆ ಒಂದು ಅಂಕಿ ಸೇರಿಸಿ ಒತ್ತಿದ್ದ. ಅವನು ತಪ್ಪೇನೂ ಮಾಡಲಿಲ್ಲ. ಯಾರೂ ತಪ್ಪು ಮಾಡಲಿಲ್ಲ, ಕರೆ ನನ್ನ ಮನೆಗೆ ತಲುಪುವವರೆಗೆ.

ಮುಂದಿನ ಶನಿವಾರ ಅಡುಗೆ ಬೇಗ ಮುಗಿಸಿ ಫೋನಿನ ಹತ್ತಿರ ಕೂತೆ. ಬರಬಾರದು ಎಂದುಕೊಂಡೆ. ಬಂದರೆ ನಿಜ ಹೇಳಿಬಿಡುವುದು ಎಂದುಕೊಂಡೆ. ಬಂತು. "ಉಂಡೇನೇ?" ಎಂದಳು. ಅಷ್ಟೇ ಸಾಕಾಯಿತು.

ಹೀಗೆ ವಾರ ವಾರ ಬಿಡಿಬಿಡಿಯಾಗಿ ರತ್ನಳ ಕಥೆ ನನಗೆ ಗೊತ್ತಾಯಿತು — ಅವಳ ಬಾಯಿಂದಲ್ಲ, ಅವಳ ತಾಯಿಯ ಬಾಯಿಂದ, ಅವಳಿಗೇ ಹೇಳುತ್ತಿದ್ದೇನೆಂದು ಆಕೆ ನಂಬಿಕೊಂಡು ಹೇಳಿದ್ದರಿಂದ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಟೀಚರ್ ಕೆಲಸ ಹಿಡಿದಿದ್ದಾಳೆ. ಕೆಲವು ವರ್ಷಗಳ ನಂತರ ಮತ್ತೆ ಮದುವೆಯಾಗಿದ್ದಾಳೆ. ಅಣ್ಣ ಒಪ್ಪಲಿಲ್ಲ. ಹೇಳಿಹೋಗಲು ತವರಿಗೆ ಬಂದಾಗ ಅಂಗಳದಿಂದಲೇ ಕಳಿಸಿದ.

"ಅವತ್ತು ನಾನು ಬಾಗಿಲ ಹಿಂದೇನೇ ನಿಂತಿದ್ದೆ ಕಣೇ," ಎಂದಳು ಒಂದು ದಿನ. "ನೀನು ಅವ್ವಾ ಅವ್ವಾ ಅಂತ ಕೂಗ್ತಿದ್ದೆ. ಕೇಳುಸ್ತಿತ್ತು. ಕಿವಿ ಇಷ್ಟು ಕೆಟ್ಟಿರ್ಲಿಲ್ಲ ಆಗ. ಈಚೆಗೆ ಬರ್ಲಿಲ್ಲ ನಾನು. ನಿಮ್ಮಣ್ಣಂಗೆ ಹೆದರ್ಕಂಡೆ. ಅದಾದ ಮ್ಯಾಕೆ ಒಂದಿನ ನೆಟ್ಟಗೆ ನಿದ್ದೆ ಮಾಡಿಲ್ಲ. ಬುಟ್ಬುಡ್ತೀಯೇನೇ ರತ್ನ? ನನ್ನ ಮ್ಯಾಗಿನ ಸಿಟ್ಟ?"

ಆ ಹೊತ್ತಿನಲ್ಲಿ ಮನುಷ್ಯರಾದವರು ಮಾಡಬಹುದಾಗಿದ್ದದ್ದು ಒಂದೇ. ಫೋನನ್ನು ಕೆಳಗಿಡುವುದು.

"ಬಿಟ್ಟಿದ್ದೀನಿ ಅವ್ವ," ಎಂದೆ. "ನಾನು ಅದನ್ನ ಮರ್ತೇ ಬಿಟ್ಟಿದ್ದೀನಿ."

ಇನ್ನೊಬ್ಬಳ ನೋವು. ಅದನ್ನು ಮರೆಯಲು, ಮನ್ನಿಸಲು ನಾನು ಯಾರು? ಅವಳು ಅಂಗಳದಲ್ಲಿ ನಿಂತು ಕೂಗಿದ್ದನ್ನು ನಾನು ಮಂಚದ ಮೇಲೆ ಕೂತು ಮಾಫಿ ಮಾಡಿದೆ. ಆ ದಿನ ಆಕೆ ಎಷ್ಟು ಹಗುರಾಗಿ ಮಾತಾಡಿದಳೆಂದರೆ — ನನಗೆ ಒಳ್ಳೆಯದನ್ನು ಮಾಡಿದೆನೆಂದೇ ಅನ್ನಿಸಿತು. ಸಂಜೆ ಪಾಯಸ ಮಾಡಿದೆ. ಯಜಮಾನರು "ಏನು ವಿಶೇಷ?" ಎಂದರು. ಏನಿಲ್ಲ ಎಂದೆ.

ಇನ್ನೊಂದು ಶನಿವಾರ ಶ್ವೇತ ಓಡಿಬಂದು ನನ್ನ ಸೆರಗು ಎಳೆದು ಏನೋ ಕೇಳಿದಳು. ಆ ಕಡೆಯಿಂದ, "ಯಾರೇ ಅದು ಮಗಾ?" ಮಂದ ಕಿವಿಗೂ ಮಗುವಿನ ದನಿ ಹೇಗೋ ಕೇಳಿಬಿಟ್ಟಿತ್ತು. "ನಿನಗೆ ಮಗು ಆಗೈತೇನೇ? ನನಗ್ಯಾರೂ ಹೇಳ್ಲೇ ಇಲ್ವಲ್ಲೇ. ಹೆಣ್ಣೋ ಗಂಡೋ?"

"ಹೆಣ್ಣು" ಎಂದೆ. ಅದಂತೂ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಶ್ವೇತಳ ಕೈಗೆ ಫೋನು ಕೊಟ್ಟು ಅಜ್ಜಿ ಎನ್ನು ಎಂದೆ. ಅವಳು ಅಂದಳು. ಆಮೇಲೆ ಪ್ರತಿ ವಾರ ಆಕೆ ಮೊದಲು ಕೇಳುತ್ತಿದ್ದುದು ಮೊಮ್ಮಗಳನ್ನೇ.

ನಿಜವಾದ ರತ್ನ ಎಲ್ಲಿದ್ದಾಳೆಂದು ತಿಳಿಯುವುದು ಕಷ್ಟವಿರಲಿಲ್ಲ. "ಗೇಟಿನಾಚೆ ಇದಾರಲ್ಲ, ಆ ಟೀಚರ್ರು," ಎಂದರು ಯಜಮಾನರು. "ಮನೆಪಾಠಾನೂ ಮಾಡ್ತಾರೆ. ಚೆನ್ನಾಗಿ ಹೇಳ್ಕೊಡ್ತಾರಂತೆ." ಒಂದು ಸಂಜೆ ಹೊರಟೆ. ಹೇಳಿಬಿಡಬೇಕೆಂದೇ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ನಿಮ್ಮ ತಾಯಿ ಫೋನು ಮಾಡುತ್ತಿದ್ದಾರೆ, ನಿಮ್ಮ ಹಳೆಯ ನಂಬರು ನಮಗೆ ಬಂದಿದೆ, ಶನಿವಾರ ನಮ್ಮ ಮನೆಗೆ ಬನ್ನಿ... ಅಷ್ಟೇ ತಾನೇ.

ಬಾಗಿಲು ತೆಗೆದವರು ನನಗಿಂತ ಐದಾರು ವರ್ಷಕ್ಕೆ ದೊಡ್ಡವರಿರಬೇಕು. ತೆಳ್ಳಗಿನ ಮೈ, ಕಾಟನ್ ಸೀರೆ, ಬೆರಳುಗಳಿಗೆ ಅಂಟಿದ ಸೀಮೆಸುಣ್ಣ. ಒಳಗೆ ಗೋಡೆಗೆ ಒಂದು ಬುದ್ಧನ ಪಟ, ಗಂಡನ ಮನೆಯ ಕಡೆಯದಿರಬೇಕು; ಕೆಳಗೆ ಫೋನು. "ಮಗೂನ ಪಾಠಕ್ಕೆ ಸೇರಿಸೋಕಾ? ಬನ್ನಿ, ಕೂತ್ಕೊಳ್ಳಿ," ಎಂದರು. ನಾನು ಹೂಂ ಎಂದೆ.

ಕಾಫಿ ಕೊಟ್ಟರು. ನನ್ನ ಕಣ್ಣು ಮತ್ತೆ ಮತ್ತೆ ಫೋನಿನ ಕಡೆಗೇ ಹೋದದ್ದನ್ನು ನೋಡಿ, ನಂಬರು ಬರೆದುಕೊಳ್ಳಿ ಎಂದರು. "ಇದು ಹೊಸದು. ಹಳೇದು ಹೋಯ್ತು. ನಮ್ಮ ಬೀದಿಯೋರ್ದೆಲ್ಲ ಪೂರ್ತಿ ಬದಲಾಯ್ತಲ್ಲ." ಆಮೇಲೆ, ಯಾಕೋ, ಗುರುತಿಲ್ಲದ ನನಗೆ ಅಂದರು. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ಹಳೇ ನಂಬರ್ ನಮ್ಮ ತಾಯಿ ಹತ್ರ ಇತ್ತು. ಗಂಟೆ ಹೊಡೆದಾಗಲೆಲ್ಲ ಅವರೇನೋ ಅಂತ ಓಡ್ತಿದ್ದೆ. ಈಗ ಅವರು ಮಾಡ್ಬೇಕು ಅಂದ್ರೂ ಆಗಲ್ಲ. ಕಾಯೋದು ತಪ್ಪಿತು."

ಆ ಮಾತು ಮುಗಿದಾಗ ನನ್ನ ಬಾಯಿ ತೆರೆಯಬೇಕಿತ್ತು. ಅದಕ್ಕಿಂತ ಒಳ್ಳೆಯ ಹೊತ್ತು ಇರಲು ಸಾಧ್ಯವೇ ಇರಲಿಲ್ಲ. ನಾನು ಲೋಟ ಕೆಳಗಿಟ್ಟು ಕೇಳಿದೆ, "ಲೆಕ್ಕದಲ್ಲಿ ಸ್ವಲ್ಪ ಹಿಂದೆ ನಮ್ಮ ಹುಡುಗಿ. ಯಾವಾಗಿಂದ ಕಳಿಸ್ಲಿ?"

ಯಾಕೆ ಹಾಗೆ ಮಾಡಿದೆ? ಹೆದರಿಕೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆಯೂ ಇತ್ತು, ಅಷ್ಟರಲ್ಲಾಗಲೇ ಎಷ್ಟೋ ಶನಿವಾರಗಳು ಕಳೆದಿದ್ದವು. ಆದರೆ ಅದರ ಕೆಳಗೆ ಇನ್ನೊಂದಿತ್ತು. ಆ ಹೆಂಗಸನ್ನು ನೋಡಿದ ಕೂಡಲೇ ನನಗೆ ಹೊಟ್ಟೆಕಿಚ್ಚಾಯಿತು. ಇವಳಿಗೆ ಅವ್ವ ಇದ್ದಾಳೆ. ಬಸ್ಸು ಹತ್ತಿದರೆ ಸಂಜೆಯೊಳಗೆ ಹೋಗಿ ಬರಬಹುದು. ಅಣ್ಣ ಬೈದರೆ ಬೈಯಲಿ, ನಾನಾಗಿದ್ದರೆ ಹೋಗುತ್ತಿದ್ದೆ... ಅವಳಿಗೆ ಬೇಡವಾದದ್ದನ್ನು ನಾನು ಇಟ್ಟುಕೊಂಡರೆ ಏನು? ಹೀಗೂ ಯೋಚಿಸಿದೆ ನಾನು. ಬೇಡವಾಗಿಲ್ಲ ಎಂದು ಅವರ ಬಾಯಿಂದಲೇ ಆಗಷ್ಟೇ ಕೇಳಿದ್ದೆ.

ಶ್ವೇತ ಪಾಠಕ್ಕೆ ಹೋಗತೊಡಗಿದಳು. ಸಂಜೆ ಅವಳನ್ನು ಕರೆದುಕೊಂಡು ಬರಲು ನಾನೇ ಹೋಗುತ್ತಿದ್ದೆ. ಟೀಚರಿಗೆ ಮಕ್ಕಳಿರಲಿಲ್ಲ. ಆಗಿ, ಉಳಿಯಲಿಲ್ಲವಂತೆ, ಅದನ್ನು ಅವರು ಒಮ್ಮೆ ಮಾತ್ರ ಹೇಳಿದರು. ಶ್ವೇತಳ ಜಡೆ ಬಿಚ್ಚಿದ್ದರೆ ತಾವೇ ಹೆಣೆದು ಕಳಿಸುತ್ತಿದ್ದರು. ಶನಿವಾರ ಆ ತಾಯಿ, "ಮಗೀಗೆ ತಲೆಗೆ ಎಣ್ಣೆ ಹಾಕ್ತೀಯೇನೇ, ಜಡೆ ಹಾಕ್ತೀಯಾ?" ಎಂದರೆ ನಾನು ಹೂಂ ಎನ್ನುತ್ತಿದ್ದೆ. ಮಗಳ ಕೈ ಹೆಣೆದ ಜಡೆ, ತಾಯಿಯ ಪ್ರಶ್ನೆ, ನಡುವೆ ನಾನು. ಇಬ್ಬರ ಮಾತೂ ನನ್ನ ಕಿವಿಗೇ ಬರುತ್ತಿತ್ತು. ಒಬ್ಬರದನ್ನು ಇನ್ನೊಬ್ಬರಿಗೆ ದಾಟಿಸಲಿಲ್ಲ.

ಬೇಸಗೆ ಮುಗಿಯುತ್ತ ಬಂದಾಗ ಎರಡು ವಾರ ಕರೆ ಬರಲಿಲ್ಲ. ಮೂರನೆಯ ವಾರ ಬಂತು. ದನಿ ತೆಳುವಾಗಿತ್ತು. ಮಾತಿನ ನಡುನಡುವೆ ಉಸಿರು ತೆಗೆದುಕೊಳ್ಳುತ್ತಿದ್ದಳು.

"ಹೊಟ್ಟೇಲಿ ಗಡ್ಡೆ ಐತಂತೆ ಕಣೇ. ಹಾಸನಕ್ಕೆ ಕರ್ಕೊಂಡು ಹೋಗಿದ್ದ ನಿಮ್ಮಣ್ಣ. ಕುಯ್ಯಾಕಾಗಲ್ಲ, ಮನೆಗೆ ಕರ್ಕೊಂಡೋಗಿ ಅಂದವ್ರೆ. ಇವತ್ತು ಅವ್ನೇ ಬೂತಿಗೆ ಕರ್ಕೊಂಡು ಬಂದವ್ನೆ. ಹೊರಗೆ ನಿಂತವ್ನೆ. ನಿನ್ನ ಜೊತೆ ಮಾತಾಡ್ತಿದ್ದೀನಿ ಅಂತ ಎಲ್ಲ ಹೇಳ್ಬುಟ್ಟೆ. ಬೈಲಿಲ್ಲ ಕಣೇ. ಬರ್ಲಿ ಬಿಡು ಅಂದ. ಬಂದೋಗೇ ಒಂದ್ಸಲ. ಮಗೀನೂ ಕರ್ಕೊಂಡು ಬಾ. ಬತ್ತೀಯಾ?"

ಅಣ್ಣ ಒಪ್ಪಿದ್ದ. ಬಾಗಿಲು ತೆರೆದಿತ್ತು. ಅಷ್ಟು ವರ್ಷ ಮುಚ್ಚಿದ್ದದ್ದು ಆ ದಿನ ತೆರೆದಿತ್ತು, ಅದರ ಸುದ್ದಿ ಇದ್ದದ್ದು ಈ ಭೂಮಿಯ ಮೇಲೆ ನನ್ನ ಹತ್ತಿರ ಮಾತ್ರ.

"ಬತ್ತೀನಿ ಅವ್ವ," ಎಂದೆ. ಆಕೆಯ ಮಾತಿನ ಹಾಗೆಯೇ. ಅಷ್ಟು ದಿನದಲ್ಲಿ ಆಕೆಯ ಮಾತು ನನ್ನ ನಾಲಗೆಗೆ ಹತ್ತಿಬಿಟ್ಟಿತ್ತು.

"ಯಾವಾಗ?"

"ಈ ವಾರದಲ್ಲೇ."

ಆ ಸಂಜೆ ಟೀಚರ ಮನೆಗೆ ಹೋದೆ. ಅವರು ಹೊರಗೆ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದರು. ನಾನೂ ಕೂತೆ. ನಾಲ್ಕು ಕಾಯಿ ಕೈಗೆತ್ತಿಕೊಂಡು ನಾರು ತೆಗೆದೆ. "ಏನೋ ಯೋಚ್ನೇಲಿದ್ದೀರಲ್ಲ?" ಎಂದರು. ತಲೆನೋವು ಎಂದೆ. ಒಳಗೆ ಹೋಗಿ ಮಾತ್ರೆ ತಂದುಕೊಟ್ಟರು, ನೀರು ಕೊಟ್ಟರು. ಅದನ್ನು ನುಂಗಿ ಮಗಳನ್ನು ಕರೆದುಕೊಂಡು ಬಂದೆ. ಸೋಮವಾರ ಹೋದೆ. ಮಂಗಳವಾರ ಹೋದೆ.

ನಾನು ಎದುರಿಗೆ ನಿಂತು ಹೇಳಬೇಕಾಗಿರಲಿಲ್ಲ. ಯಾವುದಾದರೂ ಬೂತಿನಿಂದ ಅವರಿಗೆ ಫೋನು ಮಾಡಿ, ಹೆಸರು ಹೇಳದೆ, ನಿಮ್ಮ ತಾಯಿಗೆ ಹುಷಾರಿಲ್ಲ ಬನ್ನಿ ಎಂದಿದ್ದರೂ ಸಾಕಿತ್ತು. ಅದು ನನಗೆ ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು. ಆದರೆ ಟೀಚರು ಹೋದ ಕೂಡಲೇ — ಆ ತಾಯಿ ಅವರ ಮುಖ ನೋಡಿ, ಅವರ ದನಿ ಕೇಳಿ, ಫೋನಿನಲ್ಲಿ ಮಾತಾಡಿದವಳು ಇವಳಲ್ಲ ಎಂದು... ಸಾಯುವವರೆಗಾದರೂ ಆಕೆ ನನ್ನ ಅವ್ವನಾಗಿಯೇ ಇರಲಿ ಎಂದು ನಾನು ಬಯಸಿದೆ. ಇದನ್ನು ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು. ಆದರೆ ನಿಜ ಇದೇ.

ಆ ವಾರ ಮುಗಿಯುವ ಮೊದಲೇ, ಬೆಳಗಿನ ಹೊತ್ತು, ಗಂಡಸಿನ ದನಿಯ ಕರೆ ಬಂತು.

"ರತ್ನನಾ?"

ಫೋನನ್ನು ಕಿವಿಗೆ ಒತ್ತಿಕೊಂಡೆ.

"ಅವ್ವ ಹೋಯ್ತು. ಬತ್ತೀನಿ ಅಂದಿದ್ದೆಯಂತೆ. ಬಸ್ಸು ಬಂದಾಗ್ಲೆಲ್ಲ ನೋಡ್ರೋ ನೋಡ್ರೋ ಅಂತಿತ್ತು. ನಾನೂ ಎರಡು ದಿನ ರಸ್ತೆಗೆ ಹೋಗಿ ನಿಂತೆ ಕಣಮ್ಮ, ನಿನಗೋಸ್ಕರ." ಆ ಕಡೆ ಯಾರೋ ಕರೆದರು, ಬಂದೆ ಎಂದ. "ಮಣ್ಣಿಗೆ ಬಂದ್ರೆ ಬಾ. ಬರ್ದಿದ್ರೆ ಬುಡು."

ಆಗ ಬೂತಿಗೆ ಓಡಿದೆ. ಬಸ್ ಸ್ಟ್ಯಾಂಡಿನ ಬೂತಿನಿಂದ ಟೀಚರ ಶಾಲೆಯ ಪಕ್ಕದ ಅಂಗಡಿಗೆ ಫೋನು ಮಾಡಿ ಅವರನ್ನು ಕರೆಸಿದೆ. ಅವರು ಹಲೋ ಎಂದಾಗ, ಬಾಯಿಗೆ ಸೆರಗು ಅಡ್ಡ ಹಿಡಿದು, "ಹುಲಿಕೆರೆಯಿಂದ. ನಿಮ್ಮ ತಾಯಿ ತೀರ್ಕೊಂಡ್ರು," ಎಂದೆ. "ಯಾರು? ಯಾರು ಮಾತಾಡ್ತಿರೋದು?" ಎಂದರು. ಇಟ್ಟುಬಿಟ್ಟೆ. ಬದುಕಿದ್ದಾಗ ಮಾಡಲಾರದ ಕರೆಯನ್ನು ಸತ್ತ ಮೇಲೆ ಒಂದು ಗಳಿಗೆಯಲ್ಲಿ ಮಾಡಿದೆ.

ಟೀಚರು ಹೋದರು. ಕಾರ್ಯ ಮುಗಿಯುವವರೆಗೂ ಅಲ್ಲಿರಲಿಲ್ಲ. ಅಂದೇ ವಾಪಸು ಬಂದರು. ವಾರ ಕಳೆದ ಮೇಲೆ ಮಾತಾಡಿಸಲು ಹೋದೆ. ಹೋಗದಿರಲು ಆಗಲಿಲ್ಲ. ಏನಾಯಿತೆಂದು ತಿಳಿಯಬೇಕಿತ್ತು — ಅವರ ದುಃಖ ಹಂಚಿಕೊಳ್ಳಲು ಹೋದೆನೆಂದು ಸುಳ್ಳು ಹೇಳಲಾರೆ.

"ಅಣ್ಣ ಎಲ್ಲರ ಎದುರಿಗೆ ಅಂದ," ಎಂದರು, ಗೋಡೆ ನೋಡುತ್ತ. "ವರ್ಷದಿಂದ ಫೋನಲ್ಲಿ ಮಾತಾಡ್ತಿದ್ದೆ, ಬರ್ತೀನಿ ಅಂದು ಕೈಕೊಟ್ಟೆ ಅಂತ. ನಾನು ಮಾತೇ ಆಡಿಲ್ಲ ಅಂದೆ. ಹೆಣದ ಮುಂದೆ ಸುಳ್ಳು ಹೇಳ್ಬೇಡ ಅಂದ. ಮಗಳನ್ನ ಯಾಕೆ ಕರ್ಕೊಂಡು ಬರ್ಲಿಲ್ಲ ಅಂತ ಕೇಳಿದ ಸುಮಿತ್ರ. ನನ್ನ ಮಗಳನ್ನ." ನನ್ನ ಕಡೆ ತಿರುಗಿದರು. "ಇದ್ದ ಒಂದು ಕೂಸು ಹೋದ ದಿನ ಒಬ್ಬರೂ ಬರಲಿಲ್ಲ ಇವರು. ಗೊತ್ತಿದ್ದೂ ಹೀಗೆ ಚುಚ್ಚಬಹುದಾ?"

ನಾನು ಅವರ ಕೈ ಹಿಡಿದುಕೊಂಡೆ.

"ಒಂದೋ ಅವನು ಸುಳ್ಳು ಹೇಳ್ತಿದ್ದಾನೆ," ಎಂದರು ಆಮೇಲೆ, ತರಗತಿಯಲ್ಲಿ ಲೆಕ್ಕ ಬಿಡಿಸುವ ದನಿಯಲ್ಲಿ. "ಇಲ್ಲಾ ಅವ್ವಂಗೆ ಕೊನೇಲಿ ಬುದ್ಧಿ ಭ್ರಮಣೆ ಆಗಿತ್ತು. ಬೂತಿಗೆ ಹೋಗಿ ಸುಮ್ಮನೆ ತಾನೇ ಮಾತಾಡ್ಕೊಂಡು ಬರ್ತಿದ್ಲೇನೋ. ಎರಡರಲ್ಲಿ ಯಾವುದನ್ನ ನಂಬಲಿ?"

ಮೂರನೆಯದು ಅವರ ಪಕ್ಕದಲ್ಲಿ ಕೂತಿತ್ತು. ಆ ದಿನ ಅವರ ಬಾಯಿಂದಲೇ ನನಗೆ ಆ ತಾಯಿಯ ಹೆಸರು ಗೊತ್ತಾಯಿತು. ಪುಟ್ಟತಾಯಮ್ಮ. ಅಷ್ಟು ಕಾಲ ಅವ್ವ ಎಂದು ಕರೆದ ನಾನು ಆಕೆಯ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ.

ಮುಂದಿನ ವರ್ಷ ಟೀಚರಿಗೆ ಬೇಲೂರಿಗೆ ವರ್ಗವಾಯಿತು. ಹೋಗುವಾಗ ಶ್ವೇತಳಿಗೆ ಒಂದು ಜ್ಯಾಮಿಟ್ರಿ ಬಾಕ್ಸು ಕೊಟ್ಟರು. ನನಗೆ, "ನೀವು ತಂಗಿ ಥರ ಇದ್ರಿ," ಎಂದರು.

ಅದಾದ ಮೇಲೆ ಬಹಳ ವರ್ಷ ಏನೂ ಆಗಲಿಲ್ಲ. ಶನಿವಾರ ಮಧ್ಯಾಹ್ನ ನಾನು ಮನೆಯಲ್ಲಿರುತ್ತಿರಲಿಲ್ಲ. ಏನಾದರೂ ಕೆಲಸ ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದೆ. ಮನೆಗೆ ಮೊಬೈಲು ಬಂತು, ಆಮೇಲೆ ಒಬ್ಬೊಬ್ಬರಿಗೊಂದು ಬಂತು. ಕಳೆದ ವರ್ಷ ಯಜಮಾನರು ಲ್ಯಾಂಡ್‌ಲೈನನ್ನು ವಾಪಸು ಕೊಟ್ಟುಬಿಡೋಣ ಎಂದರು. "ಯಾರು ಮಾಡ್ತಾರೆ ಇದಕ್ಕೆ?" ಕಚೇರಿಗೆ ಹೋಗಿ ಕೊಟ್ಟು ಬಂದರು. ಆ ನಂಬರು ಈಗ ಇನ್ನಾರಿಗೋ ಹೋಗುತ್ತದೆಯೇ ಎಂದು ಕೇಳಿದೆ. ಹೋಗಬಹುದು, ಯಾಕೆ, ಎಂದರು. ಅವರಿಗೆ ಆ ದಿನವೇ ಎಲ್ಲ ಹೇಳಿದೆ. ಕೇಳಿ ಮುಗಿಸಿ, "ನನಗಲ್ಲ, ಅವರಿಗೆ ಹೇಳ್ಬೇಕಾಗಿತ್ತು ಕಣೇ," ಎಂದರು.

ಬಸ್ಸು ಹತ್ತಿ ಬೇಲೂರಿಗೆ ಹೋದೆ. ಟೀಚರಿಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಖುಷಿಪಟ್ಟರು. ಶ್ವೇತ ಈಗ ಏನು ಮಾಡುತ್ತಿದ್ದಾಳೆಂದು ಕೇಳಿದರು. ಕಾಫಿ ಬೇಡ, ಮೊದಲು ಕೂತುಕೊಳ್ಳಿ ಎಂದೆ. ಹೇಳಿದೆ. ಏನನ್ನೂ ಬಿಡದೆ, ಮಗುವಿನ ಮಾತನ್ನೂ ಬಿಡದೆ ಹೇಳಿದೆ.

ಅವರು ನಡುವೆ ಒಮ್ಮೆಯೂ ತಡೆಯಲಿಲ್ಲ. ಮುಗಿದ ಮೇಲೆ ಎದ್ದು ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿತು. ಮುಖ ತೊಳೆದುಕೊಂಡು ಬಂದರು.

"ಅಣ್ಣ ಹೋದ ವರ್ಷ ತೀರ್ಕೊಂಡ," ಎಂದರು. "ನಾನು ಹೋಗ್ಲಿಲ್ಲ. ಹೆಣದ ಮುಂದೆ ಸುಳ್ಳು ಹೇಳಿದೋನ ಹೆಣ ನಾನು ಯಾಕೆ ನೋಡ್ಲಿ ಅಂತ."

ಅದು ನನಗೆ ಗೊತ್ತಿರಲಿಲ್ಲ. ಒಂದು ವರ್ಷ ಮುಂಚೆ ಬಂದಿದ್ದರೆ... ಆ ಯೋಚನೆಗೆ ಕೊನೆಯಿಲ್ಲ. ತಪ್ಪಾಯಿತು ಎನ್ನಲು ಹೊರಟೆ. ಅವರು ಕೈ ಎತ್ತಿ ತಡೆದರು.

"ಅವ್ವ ಏನೇನಂದ್ಲು?"

ಬಾಗಿಲ ಹಿಂದೆ ನಿಂತದ್ದನ್ನು ಹೇಳಿದೆ. ಸಿಟ್ಟು ಬಿಡು ಎಂದು ಬೇಡಿದ್ದನ್ನು ಹೇಳಿದೆ. ಉಂಡೇನೇ ಎಂದು ಕೇಳುತ್ತಿದ್ದುದನ್ನು, ತಲೆಗೆ ಎಣ್ಣೆ ಹಾಕು ಎಂದುದನ್ನು ಹೇಳಿದೆ.

"ಆಮೇಲೆ?"

ಹೇಳಿದೆ.

"ಇಷ್ಟೇನಾ? ಒಂದು ವರ್ಷ ಮಾತಾಡಿದ್ದೀರಿ. ವಾರ ವಾರ."

"ಅಷ್ಟೇ ನೆನಪಿರೋದು," ಎಂದೆ.

ಅವರು ನನ್ನನ್ನು ನೋಡಿದ ರೀತಿಯನ್ನು ವರ್ಣಿಸುವ ಶಕ್ತಿ ನನಗಿಲ್ಲ. ಸಿಟ್ಟಲ್ಲ ಅದು. ಬೈಯಲಿಲ್ಲ ಅವರು, ಹೊರಗೆ ಹೋಗು ಎನ್ನಲಿಲ್ಲ. ಬಾಗಿಲವರೆಗೆ ಬಂದು, ನಾನು ಚಪ್ಪಲಿ ಮೆಟ್ಟಿಕೊಳ್ಳುವವರೆಗೂ ನಿಂತು, ಅಂದರು —

"ಇನ್ನು ಬರಬೇಡಿ. ನೆನಪು ಮಾಡ್ಕೊಂಡು ಬರೆದು ಕಳಿಸಿ. ಅವಳು ಆಡಿದ್ದು ಮಾತ್ರ. ನಿಮ್ಮ ವಿಷಯ ಬೇಡ."

ಅಂದಿನಿಂದ ಬರೆಯಲು ಕೂರುತ್ತಿದ್ದೇನೆ. ಆಕೆ ಕೆಮ್ಮುತ್ತಿದ್ದುದು ನೆನಪಾಗುತ್ತದೆ, ಬಸ್ಸು ಬಂತೆಂದು ಅವಸರ ಮಾಡುತ್ತಿದ್ದುದು ನೆನಪಾಗುತ್ತದೆ. ಹೊಲದ ಯಾವುದೋ ಸುದ್ದಿ ಹೇಳಿದ್ದಳು, ಯಾರದೋ ಹೆರಿಗೆಯ ಸುದ್ದಿ, ರತ್ನ ಚಿಕ್ಕವಳಿದ್ದಾಗ ಮಾಡಿದ ಏನೋ ಒಂದು ತಂಟೆಯನ್ನು ನಕ್ಕು ನಕ್ಕು ಹೇಳಿದ್ದಳು. ಯಾವ ತಂಟೆ? ನೆನಪಿಲ್ಲ. ಆಗ ನನ್ನ ಕಿವಿಯಲ್ಲಿ ಇದ್ದದ್ದು ಆಕೆಯ ಮಾತಲ್ಲ, ಆ ಮಾತು ನನಗೆ ಸಿಗುತ್ತಿದೆ ಎಂಬ ಸುಖ. ಹಾಗಾಗಿ ನಾನು ಅಂದದ್ದು ಒಂದೊಂದೂ ನೆನಪಿದೆ. ಆಕೆ ಅಂದದ್ದು ಹೋಗಿದೆ.

ಅವರು ಕೇಳಿದ್ದು ಆಕೆಯ ಮಾತುಗಳನ್ನು. ನಾನು ಬರೆದದ್ದು, ನೋಡಿ, ಮತ್ತೆ ನನ್ನ ವಿಷಯವನ್ನೇ. ಇದನ್ನು ಅವರಿಗೆ ಕಳಿಸುವುದಿಲ್ಲ. ನಾಳೆ ಬೇರೆ ಹಾಳೆ ತೆಗೆದುಕೊಂಡು, ಆಕೆಯ ಆ ನಾಲ್ಕೈದು ಮಾತುಗಳನ್ನು ಮಾತ್ರ, ಆಕೆ ಅಂದ ಹಾಗೆಯೇ, ಬರೆದು ಕಳಿಸುತ್ತೇನೆ. ಅರ್ಧ ಪುಟವೂ ತುಂಬುವುದಿಲ್ಲ.